ಶಕವರ್ಷ ದಾಟಿಹೋದ ನಾಡು: ಕಾಂಬೋಡಿಯ



ಬೇವೂರು, ಹುನಗುಂದ, ಇಳಕಲ್ಲಿನ ಕಡೆಯ ನಿಮಗೆ ಬಾದಾಮಿ ದೂರದ ಊರಲ್ಲ. ಅಲ್ಲಿಯ ಬಂಡೆಯೊಂದರ ಮೇಲೆ ಚಾಲುಕ್ಯ ದೊರೆ ಒಂದನೆಯ ಪುಲಕೇಶಿಯ ಶಾಸನವಿದೆ. ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ಸಂಗತಿಯನ್ನು ಹೇಳುವ ಅದರ ಕಾಲ ಶಕವರ್ಷ 465, ಅಂದರೆ ಕ್ರಿ.ಶ. 543.

ಬಂಗಾಳ ಕೊಲ್ಲಿಯ ಆಚೆಗಿರುವ ಕಾಂಬೋಡಿಯ ದೇಶದಲ್ಲಿಯೂ ಹಳೆಯ ಶಾಸನಗಳಿವೆ. ಅಲ್ಲಿಯ ಖ್ಮೇರ್ ಭಾಷೆಯಲ್ಲಿ ಕಾಲ ನಮೂದಿಸಿರುವ ಅತಿ ಹಳೆಯ ಶಾಸನ ಆಂಗ್ಕೋರ್ ಬೋರೆ ಎಂಬಲ್ಲಿ ದೊರೆತಿದೆ. ಅದರಲ್ಲಿರುವುದೂ ಶಕವರ್ಷವೇ: 533, ಅಂದರೆ ಕ್ರಿ.ಶ. 611. ಅದರ ಲಿಪಿ ನಮ್ಮ ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯಿಂದ ಬೆಳೆದದ್ದು.

ಇದು ಸಾಧ್ಯವಾದದ್ದು ಹೇಗೆ? ಭಾರತದ ಯಾವ ಸೈನ್ಯವೂ ಕಾಂಬೋಡಿಯವನ್ನು ಗೆದ್ದು ಇದನ್ನು ಹೇರಲಿಲ್ಲ. ವ್ಯಾಪಾರಿಗಳು, ಪಂಡಿತರು, ಭಿಕ್ಷುಗಳು ಹಡಗುಗಳಲ್ಲಿ ಹೋಗಿಬಂದರು. ಅಲ್ಲಿಯ ಅರಸರು ತಮಗೆ ಬೇಕಾದದ್ದನ್ನು ಆರಿಸಿಕೊಂಡು ತಮ್ಮದಾಗಿ ಮಾಡಿಕೊಂಡರು. ಹರಿಹರನ ಮೂರ್ತಿಯನ್ನೇ ಉದಾಹರಣೆಯಾಗಿ ನೋಡಬಹುದು. ಬಾದಾಮಿಯ ಒಂದನೆಯ ಗುಹೆಯಲ್ಲಿ ಹರಿಹರನು ಗೋಡೆಗೆ ಅಂಟಿಕೊಂಡಂತೆ ನಿಂತಿದ್ದಾನೆ. ಪಕ್ಕದಲ್ಲಿ ಪಾರ್ವತಿ, ಲಕ್ಷ್ಮಿಯರಿದ್ದಾರೆ. ಕಾಂಬೋಡಿಯದ ಪ್ರಾಚೀನ ಶಿಲ್ಪಿಗಳು ಅದೇ ದೇವರನ್ನು ಸುತ್ತಲೂ ನೋಡಬಹುದಾದ ಒಂಟಿ ಮೂರ್ತಿಯಾಗಿ, ತಮ್ಮ ಜನರ ಮುಖಲಕ್ಷಣ ಕೊಟ್ಟು ಕಡೆದರು.

ಆ ನಾಡಿನ ಸಂಸ್ಕೃತಿಯನ್ನು ಪೋಷಿಸಿದ್ದು ನೀರು. ದೇಶದ ನಡುವೆ ತೋನ್ಲೆ ಸಾಪ್ ಎಂಬ ದೊಡ್ಡ ಸರೋವರವಿದೆ. ಅದರ ನೀರು ಇದೇ ಹೆಸರಿನ ನದಿಯ ಮೂಲಕ ಮೆಕಾಂಗ್ ನದಿಗೆ ಹರಿಯುತ್ತದೆ. ಆದರೆ ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ನೀರು ಹಿಂದಕ್ಕೆ ತಿರುಗಿ ಸರೋವರವನ್ನು ಸೇರುತ್ತದೆ. ಸರೋವರ ಹಲವು ಪಟ್ಟು ಹಿಗ್ಗುತ್ತದೆ. ನೆರೆ ಇಳಿದಾಗ ಮೀನೂ ಫಲವತ್ತಾದ ಮಣ್ಣೂ ಉಳಿಯುತ್ತವೆ. ನದಿ ಮತ್ತೆ ಮುಮ್ಮುಖವಾಗುವ ಈ ಕಾಲದಲ್ಲಿ, ಸಾಮಾನ್ಯವಾಗಿ ನವೆಂಬರಿನ ಹುಣ್ಣಿಮೆಗೆ, ಅಲ್ಲಿ ದೋಣಿ ಸ್ಪರ್ಧೆಗಳ ಜಲೋತ್ಸವ ನಡೆಯುತ್ತದೆ. ಆ ತಿಂಗಳ ಖ್ಮೇರ್ ಹೆಸರು ನಮ್ಮ 'ಕಾರ್ತಿಕ'ದಿಂದಲೇ ಬಂದದ್ದು.

ಈ ಸರೋವರದ ಉತ್ತರಕ್ಕೆ ಜಗತ್ಪ್ರಸಿದ್ಧ ಆಂಗ್ಕೋರ್ ವಾಟ್ ದೇಗುಲವಿದೆ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ಇದನ್ನು ವಿಷ್ಣುವಿಗಾಗಿ ಕಟ್ಟಿಸಿದನು. ಇದರ ಗೋಡೆಗಳ ಮೇಲೆ ಸಮುದ್ರಮಥನವೂ ರಾಮಾಯಣ, ಮಹಾಭಾರತಗಳ ಯುದ್ಧಗಳೂ ಕೆತ್ತನೆಗೊಂಡಿವೆ. ಮುಂದೆ ಜನರು ಬೌದ್ಧರಾದಾಗ ದೇಗುಲವನ್ನು ಕೆಡವಲಿಲ್ಲ, ಬುದ್ಧನ ಪೂಜಾಸ್ಥಾನವಾಗಿ ಮುಂದುವರಿಸಿದರು. ಇಂದು ಅಲ್ಲಿಯ ಬಹುಪಾಲು ಜನರು ಥೇರವಾದ ಬೌದ್ಧರು. ಆದರೂ ರಾಮಾಯಣವು 'ರಾಮಕೇರ್' ಎಂಬ ಹೆಸರಿನಲ್ಲಿ ಅವರ ನೃತ್ಯ, ನಾಟಕಗಳಲ್ಲಿ ಉಳಿದಿದೆ.

ಈ ಪರಂಪರೆ ಒಮ್ಮೆ ಕಡಿದುಹೋಗುವ ಸ್ಥಿತಿಯನ್ನೂ ತಲುಪಿತ್ತು. 1975ರಿಂದ 1979ರವರೆಗೆ ಆಳಿದ ಖ್ಮೇರ್ ರೂಜ್ ಆಡಳಿತದಲ್ಲಿ ಸುಮಾರು 15ರಿಂದ 20 ಲಕ್ಷ ಜನರು ಸತ್ತರು. ಭಿಕ್ಷುಗಳ ಕಾವಿ ಬಿಡಿಸಲಾಯಿತು. ಶಿಕ್ಷಕರೂ ನರ್ತಕರೂ ಅಪಾರ ಸಂಖ್ಯೆಯಲ್ಲಿ ಬಲಿಯಾದರು. ಆಂಗ್ಕೋರ್ ವಾಟ್‌ನ ಕಲ್ಲು ನಿಂತೇ ಇತ್ತು. ಅದರ ಕಥೆಯನ್ನು ಕುಣಿದು ತೋರಿಸಬಲ್ಲವರು ಕೆಲವರೇ ಉಳಿದಿದ್ದರು. ಬದುಕುಳಿದ ಆ ಗುರುಗಳು ಮಕ್ಕಳನ್ನು ಕೂಡಿಸಿ, ತಮ್ಮ ನೆನಪಿನಿಂದಲೇ ಒಂದೊಂದು ಮುದ್ರೆಯನ್ನು ಮತ್ತೆ ಕಲಿಸಿದರು. ಭಾರತದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ 1986ರಿಂದ 1993ರವರೆಗೆ ಆಂಗ್ಕೋರ್ ವಾಟ್‌ನ ಸಂರಕ್ಷಣೆಯ ಕೆಲಸ ಮಾಡಿತು. 1992ರಲ್ಲಿ ಆಂಗ್ಕೋರ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪಟ್ಟದಕಲ್ಲು ಆ ಪಟ್ಟಿಯನ್ನು ಸೇರಿದ್ದು 1987ರಲ್ಲಿ.

ಕಲ್ಲನ್ನು ಇಲಾಖೆಗಳು ಕಾಪಾಡಬಹುದು. ಅದರ ಮೇಲಿರುವುದನ್ನು ಓದಬಲ್ಲವರು, ಹಾಡಬಲ್ಲವರು, ಕುಣಿಯಬಲ್ಲವರು ತಲೆಮಾರಿನಿಂದ ತಲೆಮಾರಿಗೆ ಬೆಳೆದರೆ ಮಾತ್ರ ಪರಂಪರೆ ಉಳಿಯುತ್ತದೆ. ಬಾದಾಮಿಯ ಬಂಡೆಯ ಅಕ್ಷರಗಳನ್ನು ಓದಲು ಕಲಿಯುವವರು ನಿಮ್ಮಲ್ಲಿಯೂ ಕೆಲವರಿರಬೇಕು.