ಎಂಜಿನ್ ನೆಲದಲ್ಲೇ ಇರಲಿ

ಕೊಳ್ಳೇಗಾಲ, ಯಳಂದೂರು ಸೀಮೆಯ ಕಬ್ಬು, ಭತ್ತದ ಗದ್ದೆಗಳಿಗೋ ಹನೂರಿನ ಮುಸುಕಿನ ಜೋಳದ ಹೊಲಗಳಿಗೋ ಡ್ರೋನ್‌ನಿಂದ ಔಷಧಿ ಹೊಡೆಸುವ ಮಾತು ಬಂದರೆ ಅದರ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ: ಹತ್ತು ನಿಮಿಷಕ್ಕೆ ಬ್ಯಾಟರಿ ಕೈಕೊಡುವ ಯಂತ್ರವನ್ನು ನಂಬುವುದು ಹೇಗೆ, ಅದಕ್ಕೊಂದು ಎಂಜಿನ್ ಕೂರಿಸಬಾರದೇ? ಪ್ರಶ್ನೆ ಹೊಸದಲ್ಲ. ರಿಮೋಟ್ ಹಿಡಿದು ಪುಟ್ಟ ಹೆಲಿಕಾಪ್ಟರ್ ಹಾರಿಸುವ ಹವ್ಯಾಸಿಗಳು ಬಹಳ ವರ್ಷಗಳಿಂದ ಇದೇ ವಿಷಯಕ್ಕೆ ಎರಡು ಬಣವಾಗಿದ್ದಾರೆ. ಒಂದು ನೈಟ್ರೊ ಎಂಜಿನ್ನಿನ ಬಣ, ಇನ್ನೊಂದು ಬ್ಯಾಟರಿಯದು. ಆ ವಾದದಿಂದ ಹೊರಬಂದ ತಿಳಿವಳಿಕೆ ಈಗ ನಮ್ಮ ಮೂರು ತಾಲ್ಲೂಕುಗಳ ರೈತರ ಕೆಲಸಕ್ಕೆ ಬರುವಂತಿದೆ. ಇಲ್ಲಿನ ಹೊಲಗಳ ಮೇಲೆ ಹಾರಬೇಕಾದದ್ದು ಬ್ಯಾಟರಿಯ ಯಂತ್ರವೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದಕ್ಕೆ ಎಲ್ಲರೂ ಕೊಡುವ ಕಾರಣ, ಅಂದರೆ ಹೊಗೆಯಿಲ್ಲ, ಖರ್ಚು ಕಡಿಮೆ ಎನ್ನುವುದು, ನನಗೆ ಮುಖ್ಯವಾಗಿ ಕಾಣುವುದಿಲ್ಲ. ಯಂತ್ರ ಎಷ್ಟು ಹಿಡಿತದಲ್ಲಿರುತ್ತದೆ, ಕೆಟ್ಟರೆ ಊರಲ್ಲೇ ಸರಿಮಾಡಿಕೊಳ್ಳಲು ಆಗುತ್ತದೆಯೇ ಎಂಬುದರ ಮೇಲೆ ಈ ತೀರ್ಮಾನ ನಿಂತಿದೆ.

ನೈಟ್ರೊ ಎನ್ನುವುದು ಪೆಟ್ರೋಲ್ ಅಲ್ಲ. ಮೆಥನಾಲಿಗೆ ನೂರಕ್ಕೆ ಹದಿನೈದರಿಂದ ಮೂವತ್ತು ಪಾಲು ನೈಟ್ರೊಮೀಥೇನ್, ಐದನೇ ಒಂದು ಪಾಲಿನಷ್ಟು ಎಣ್ಣೆ ಬೆರೆಸಿದ ದ್ರವ ಅದು. ಆ ಎಣ್ಣೆಯಲ್ಲಿ ನಮ್ಮ ಹರಳೆಣ್ಣೆಯೂ ಇರುತ್ತದೆ, ಎಂಜಿನ್ನಿನ ಕಾವನ್ನು ಅದು ಚೆನ್ನಾಗಿ ತಡೆಯುತ್ತದೆ. ಈ ಎಂಜಿನ್ನಿಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗ್ಲೋ ಪ್ಲಗ್ಗಿನೊಳಗಿನ ಪ್ಲಾಟಿನಂ ಬೆರೆತ ಸುರುಳಿಯನ್ನು ಚಾಲೂ ಮಾಡುವಾಗ ಒಮ್ಮೆ ಬ್ಯಾಟರಿಯಿಂದ ಕೆಂಪಗೆ ಕಾಯಿಸಿದರೆ ಸಾಕು, ಆಮೇಲೆ ಮೆಥನಾಲ್ ಉರಿಯುವ ಕಾವಿಗೇ ಸುರುಳಿ ಕೆಂಪಾಗಿ ಉಳಿಯುತ್ತದೆ. ಉಳಿದ ಕೆಲಸವೆಲ್ಲ ಕಾರ್ಬುರೇಟರಿನ ಸೂಜಿಯದು. ಅದನ್ನು ಒಂದಿಷ್ಟು ಸಡಿಲಿಸಿದರೆ ಇಂಧನ ಹೆಚ್ಚಾಗಿ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಎಂಜಿನ್ ಮಂಕಾಗುತ್ತದೆ. ಒಂದಿಷ್ಟು ಬಿಗಿದರೆ ಶಬ್ದ ಚುರುಕಾಗುತ್ತದೆ, ಜೊತೆಗೆ ಕಾವೂ ಏರುತ್ತದೆ. ಇನ್ನೂ ಬಿಗಿದರೆ ಗಾಳಿಯಲ್ಲಿರುವಾಗಲೇ ಎಂಜಿನ್ ನಿಂತುಹೋಗುತ್ತದೆ. ಬೆಳಗಿನ ತಂಪಿಗೆ ಹೊಂದಿಸಿದ ಸೂಜಿ ಮಧ್ಯಾಹ್ನದ ಬಿಸಿಲಿಗೆ ಹೊಂದುವುದಿಲ್ಲ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮೆಥನಾಲ್ ಗಾಳಿಯ ತೇವ ಹೀರಿಕೊಂಡು ಇಂಧನವೇ ಕೆಡುತ್ತದೆ. ಈ ವಿದ್ಯೆ ಕಲಿತವರಿಗೆ ಅದರ ಮೇಲೆ ಇರುವ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಕಿವಿಯಲ್ಲೇ ಎಂಜಿನ್ ಅಳೆಯುವುದು ನಿಜವಾದ ಕೌಶಲ.

ಎಂಜಿನ್ ಪಕ್ಷದವರ ಕೈಯಲ್ಲಿ ಗಟ್ಟಿಯಾದ ಸಾಕ್ಷಿಯೂ ಇದೆ. ಜರ್ಮನಿಯ ಡೀಟರ್ ಶ್ಲೂಟರ್ 1970ರ ಹೊತ್ತಿಗೆ ನಿಯಂತ್ರಣಕ್ಕೆ ಸಿಗುವಂಥ ಮಾದರಿ ಹೆಲಿಕಾಪ್ಟರ್ ಹಾರಿಸಿ ತೋರಿಸಿದ್ದು ಎಂಜಿನ್ನಿನಿಂದಲೇ. ಅದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಜಪಾನಿನದು. ಅಲ್ಲಿನ ಭತ್ತದ ಗದ್ದೆಗಳಿಗೆ ಔಷಧಿ ಹೊಡೆಯಲೆಂದೇ ಯಮಾಹ ಕಂಪನಿ 1987ರಲ್ಲಿ ಆರ್-50 ಎಂಬ ಮಾನವರಹಿತ ಹೆಲಿಕಾಪ್ಟರನ್ನು ಮಾರುಕಟ್ಟೆಗೆ ತಂದಿತು. 1997ರಲ್ಲಿ ಬಂದ ಆರ್-ಮ್ಯಾಕ್ಸ್ 246 ಸಿಸಿಯ ಟು-ಸ್ಟ್ರೋಕ್ ಎಂಜಿನ್ನಿನದು, ರೆಕ್ಕೆಯ ಅಗಲ ಮೂರು ಮೀಟರಿಗೂ ಹೆಚ್ಚು, ಹೊರೆ ಸೇರಿ ತೊಂಬತ್ತು ಕಿಲೊ ದಾಟುವ ಯಂತ್ರ. ವರ್ಷಗಟ್ಟಲೆ ಅದು ಜಪಾನಿನ ಗದ್ದೆಗಳಲ್ಲಿ ದುಡಿದಿದೆ. ಎಂಜಿನ್ ಹೆಲಿಕಾಪ್ಟರಿನಿಂದ ಬೇಸಾಯ ಸಾಧ್ಯವೇ ಇಲ್ಲ ಎಂದು ಯಾರಾದರೂ ವಾದಿಸಿದರೆ ಅದು ಸುಳ್ಳು.

ಆದರೆ ಆ ಯಂತ್ರವನ್ನು ಬಿಚ್ಚಿ ನೋಡಿದರೆ ತೊಡಕು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಎಂಜಿನ್ನಿನ ವೇಗವನ್ನು ಕ್ಷಣಮಾತ್ರದಲ್ಲಿ ಏರಿಸಿ ಇಳಿಸಲು ಆಗುವುದಿಲ್ಲ. ಆದ್ದರಿಂದ ರೆಕ್ಕೆಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತ, ರೆಕ್ಕೆಯ ಓರೆಯನ್ನು ಬದಲಿಸಿ ಏರುವುದು, ಇಳಿಯುವುದು, ಬಾಗುವುದು ಎಲ್ಲವನ್ನೂ ಮಾಡಿಸಬೇಕು. ಅದಕ್ಕಾಗಿ ತಿರುಗುವ ತಟ್ಟೆ, ಸಣ್ಣ ಸಣ್ಣ ಸರಳುಗಳು, ಬೇರಿಂಗುಗಳು, ಕ್ಲಚ್ಚು, ಗೇರು, ಬಾಲದ ರೆಕ್ಕೆಗೆ ಶಕ್ತಿ ಒಯ್ಯುವ ಬೆಲ್ಟು ಇವೆಲ್ಲ ಬೇಕು. ಒಂದು ಸರಳು ಬಾಗಿದರೂ ಯಂತ್ರ ನೆಲಕ್ಕೆ ಬೀಳಬಹುದು. ವಿದ್ಯುತ್ ಮೋಟರಿನ ವಿಚಾರ ಬೇರೆ. ಅದರ ವೇಗವನ್ನು ಸೆಕೆಂಡಿಗೆ ನೂರಾರು ಸಲ ತಿದ್ದಬಹುದು. ಹಾಗಾಗಿ ರೆಕ್ಕೆಯ ಓರೆ ಬದಲಿಸುವ ಗೋಜೇ ಇಲ್ಲದೆ, ನಾಲ್ಕೋ ಆರೋ ಮೋಟರುಗಳ ವೇಗವನ್ನು ಹೆಚ್ಚುಕಡಿಮೆ ಮಾಡಿಯೇ ಯಂತ್ರವನ್ನು ಬೇಕಾದತ್ತ ಒಯ್ಯಬಹುದು. ಇಂದು ಡ್ರೋನ್ ಎಂದು ನಾವು ಕರೆಯುವ ಯಂತ್ರ ಹುಟ್ಟಿದ್ದೇ ಈ ಗುಣದಿಂದ. ಅದರಲ್ಲಿ ತಿರುಗುವ ಭಾಗಗಳೆಂದರೆ ಮೋಟರು, ಅದರ ಮೇಲಿನ ರೆಕ್ಕೆ, ಔಷಧಿಯ ಪಂಪು, ಅಷ್ಟೇ. ರೆಕ್ಕೆ ಮುರಿದರೆ ಬೋಲ್ಟ್ ಬಿಚ್ಚಿ ಇನ್ನೊಂದನ್ನು ಕೂರಿಸಬಹುದು, ಮೋಟರು ಸುಟ್ಟರೆ ಮೋಟರನ್ನಷ್ಟೇ ಬದಲಿಸಬಹುದು. ಪಂಪ್‌ಸೆಟ್ ರಿಪೇರಿ ಗೊತ್ತಿರುವ ಕೊಳ್ಳೇಗಾಲದ ಹುಡುಗನೊಬ್ಬ ಇದನ್ನು ಕೆಲವೇ ದಿನಗಳಲ್ಲಿ ಕಲಿಯಬಲ್ಲ. ಹೆಲಿಕಾಪ್ಟರಿನ ತಲೆಯ ಜೋಡಣೆ ಹಾಗೆ ಕೈಗೆ ಹತ್ತುವ ಕೆಲಸವಲ್ಲ.

ಇದಕ್ಕೆ ತಿಳಿದವರು ಎತ್ತುವ ಒಂದು ಆಕ್ಷೇಪ ಒಳ್ಳೆಯದು. ಎಂಜಿನ್ ನಿಂತರೂ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ, ಕೆಳಗಿಳಿಯುವಾಗಿನ ಗಾಳಿಗೇ ರೆಕ್ಕೆ ತಿರುಗುತ್ತದೆ, ನೆಲದ ಹತ್ತಿರ ಓರೆ ಬದಲಿಸಿ ಮೆತ್ತಗೆ ಇಳಿಸಬಹುದು. ನಾಲ್ಕು ರೆಕ್ಕೆಯ ಡ್ರೋನ್‌ಗೆ ಆ ಸೌಲಭ್ಯ ಇಲ್ಲ. ಮಾತು ಸತ್ಯ. ಆದರೆ ಔಷಧಿ ಹೊಡೆಯುವ ಯಂತ್ರ ಹಾರುವುದು ಬೆಳೆಯ ತುದಿಯಿಂದ ಎರಡು ಮೂರು ಮೀಟರ್ ಮೇಲೆ. ಅಷ್ಟು ತಗ್ಗಿನಲ್ಲಿ ಮೆತ್ತಗೆ ಇಳಿಸುವ ಆ ವಿದ್ಯೆಗೆ ಬೇಕಾದ ಎತ್ತರವೂ ಸಿಗುವುದಿಲ್ಲ, ಹೊತ್ತೂ ಸಿಗುವುದಿಲ್ಲ. ತೆಂಗಿನ ಮರ, ಕರೆಂಟ್ ತಂತಿ, ಬದುವಿನ ಬೇವು ಇರುವ ತುಂಡು ಹೊಲಗಳಲ್ಲಿ ಮೂರು ಮೀಟರಿನ ಒಂಟಿ ರೆಕ್ಕೆ ತಿರುಗಿಸುವುದಕ್ಕಿಂತ ಆರು ಚಿಕ್ಕ ರೆಕ್ಕೆಗಳು ವಾಸಿ. ಅಷ್ಟೇ ಅಲ್ಲ, 2021ರ ಡ್ರೋನ್ ನಿಯಮಗಳ ಪ್ರಕಾರ ಹೊರೆ ಸೇರಿ 25 ಕಿಲೊ ಮೀರದ ಯಂತ್ರ ಸಣ್ಣ ವರ್ಗದ್ದು, 25ರಿಂದ 150 ಕಿಲೊವರೆಗಿನದು ಮಧ್ಯಮ ವರ್ಗದ್ದು. ಹತ್ತು ಲೀಟರಿನ ಸಾಮಾನ್ಯ ಕೃಷಿ ಡ್ರೋನ್ ಸಣ್ಣ ವರ್ಗದಲ್ಲೇ ಉಳಿಯುತ್ತದೆ, ಆರ್-ಮ್ಯಾಕ್ಸ್‌ನಂಥ ಯಂತ್ರ ಮಧ್ಯಮ ವರ್ಗಕ್ಕೆ ಹೋಗುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಆಕ್ಷೇಪಕ್ಕೆ ಬರೋಣ: ಇಂಧನದಲ್ಲಿರುವ ಶಕ್ತಿ ಬ್ಯಾಟರಿಯಲ್ಲಿ ಎಲ್ಲಿದೆ? ಲೆಕ್ಕ ಹಾಕಿದರೆ ಒಂದು ಕಿಲೊ ಮೆಥನಾಲಿನಲ್ಲಿ ಸುಮಾರು ಐದೂವರೆ ಯುನಿಟ್ ಶಕ್ತಿ ಇದೆ. ಒಂದು ಕಿಲೊ ಲಿಥಿಯಂ ಪಾಲಿಮರ್ ಬ್ಯಾಟರಿ ಹಿಡಿಯುವುದು ಯುನಿಟ್ಟಿನ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಮೂವತ್ತು ಪಟ್ಟು ಅಂತರ. ಆದರೆ ಪುಟ್ಟ ಗ್ಲೋ ಎಂಜಿನ್ ತನಗೆ ಕೊಟ್ಟದ್ದರಲ್ಲಿ ಹತ್ತನೇ ಒಂದು ಪಾಲಿನಷ್ಟನ್ನೇ ರೆಕ್ಕೆಗೆ ಮುಟ್ಟಿಸುತ್ತದೆ, ಮಿಕ್ಕದ್ದು ಕಾವಾಗಿ ಹೊಗೆಯಾಗಿ ಹೋಗುತ್ತದೆ. ಮೋಟರು ಹತ್ತರಲ್ಲಿ ಎಂಟು ಪಾಲನ್ನು ಮುಟ್ಟಿಸುತ್ತದೆ. ಮೂವತ್ತು ಪಟ್ಟಿನ ಅಂತರ ನಾಲ್ಕು ಪಟ್ಟಿನ ಹತ್ತಿರಕ್ಕೆ ಇಳಿಯಿತು. ಎಂಜಿನ್, ಗೇರು, ಸೈಲೆನ್ಸರಿನ ತೂಕ ಸೇರಿಸಿದರೆ ಇನ್ನೂ ಇಳಿಯುತ್ತದೆ. ಪೆಟ್ರೋಲ್ ಎಂಜಿನ್ನಿನ ಲೆಕ್ಕ ಇದಕ್ಕಿಂತ ಉತ್ತಮ, ನಿಜ. ಹಾಗಿದ್ದರೂ ನಮ್ಮ ಕೆಲಸಕ್ಕೆ ಆ ಹೆಚ್ಚುಗಾರಿಕೆ ಬಳಕೆಗೇ ಬರುವುದಿಲ್ಲ. ಹತ್ತು ಲೀಟರಿನ ಔಷಧಿ ಸುಮಾರು ಒಂದು ಎಕರೆಗೆ ಆಗುತ್ತದೆ, ಹತ್ತು ನಿಮಿಷದೊಳಗೆ ಖಾಲಿಯೂ ಆಗುತ್ತದೆ. ಆಮೇಲೆ ಯಂತ್ರ ಔಷಧಿ ತುಂಬಿಸಿಕೊಳ್ಳಲು ಇಳಿಯಲೇಬೇಕು. ಖಾಲಿ ಟ್ಯಾಂಕ್ ಹೊತ್ತು ಒಂದು ಗಂಟೆ ಹಾರುವ ಎಂಜಿನ್ನಿನಿಂದ ರೈತನಿಗೆ ಏನು ಬಂತು? ಟ್ಯಾಂಕ್ ತುಂಬುವ ಹೊತ್ತಿನಲ್ಲಿ ಬ್ಯಾಟರಿ ಬದಲಿಸಿದರೆ ಮುಗಿಯಿತು. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆ ಚಿಲ್ಲರೆ. ಒಬ್ಬ ರೈತನ ಇಡೀ ಜಮೀನು ಮೂರು ನಾಲ್ಕು ಬ್ಯಾಟರಿಯ ಕೆಲಸ.

ಹಾಗಾದರೆ ಚಾರ್ಜಿಂಗ್? ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುವ, ಕಾಡಂಚಿನ ಊರುಗಳಲ್ಲಿ ಅದನ್ನೂ ನೆಚ್ಚಿಕೊಳ್ಳಲಾಗದ ಹನೂರಿನಂಥ ಕಡೆ ಬ್ಯಾಟರಿ ಎಂದರೆ ಹಾಸ್ಯವಲ್ಲವೇ ಎಂದು ಕೇಳುವವರಿದ್ದಾರೆ. 44 ವೋಲ್ಟಿನ, 22 ಆಂಪಿಯರ್-ಅವರ್‌ನ ಒಂದು ದೊಡ್ಡ ಬ್ಯಾಟರಿ ತುಂಬಲು ಬೇಕಾದದ್ದು ಸುಮಾರು ಒಂದು ಯುನಿಟ್. ಎಕರೆಗೆ ಒಂದು ಯುನಿಟ್ ಎಂದೇ ಹಿಡಿಯೋಣ. ಕಷ್ಟವಿರುವುದು ಯುನಿಟ್ಟಿನ ಲೆಕ್ಕದಲ್ಲಲ್ಲ, ಅದನ್ನು ಬೇಗ ತುಂಬಿಸುವುದರಲ್ಲಿ. ವೇಗದ ಚಾರ್ಜರ್ ಹಳ್ಳಿಮನೆಯ ಪ್ಲಗ್ಗಿಗೆ ಭಾರವಾಗುತ್ತದೆ. ಆದ್ದರಿಂದ ಡ್ರೋನ್ ಸೇವೆ ಕೊಡುವವರು ಗಾಡಿಯಲ್ಲಿ ಜನರೇಟರ್ ಇಟ್ಟುಕೊಂಡೇ ಹೊರಡುತ್ತಾರೆ. ನೋಡಿ, ಕೊನೆಗೂ ಪೆಟ್ರೋಲೇ ಉರಿಯಿತಲ್ಲ ಎಂದು ಎಂಜಿನ್ ಪಕ್ಷದವರು ಇದನ್ನು ತಮ್ಮ ಗೆಲುವಾಗಿ ಎಣಿಸುತ್ತಾರೆ. ನನಗೆ ಅದು ಬ್ಯಾಟರಿಯ ಪರವಾದ ಸಾಕ್ಷಿಯಾಗಿ ಕಾಣುತ್ತದೆ. ನೆಲದ ಮೇಲಿನ ಎಂಜಿನ್ ಎಷ್ಟು ತೂಕವಿದ್ದರೂ ಅದನ್ನು ಎತ್ತಬೇಕಾಗಿಲ್ಲ, ಅದು ನಿಂತರೆ ಏನೂ ಬೀಳುವುದಿಲ್ಲ, ಅದು ಅದುರಿದರೆ ಯಾವ ಸರಳೂ ಸಡಿಲವಾಗುವುದಿಲ್ಲ. ಶಕ್ತಿ ಹುಟ್ಟಿಸುವ ಜಾಗವನ್ನೂ ಅದನ್ನು ಬಳಸುವ ಜಾಗವನ್ನೂ ಬೇರೆ ಮಾಡುವ ಈ ಉಪಾಯ ಕೊಳ್ಳೇಗಾಲದ ಮಗ್ಗುಲಲ್ಲೇ ನೂರಿಪ್ಪತ್ತು ವರ್ಷಗಳ ಹಿಂದೆ ಗೆದ್ದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ವಿದ್ಯುತ್ ಯೋಜನೆ 1902ರಲ್ಲಿ ಸುಮಾರು 148 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹರಿಸಿದಾಗ, ಗಣಿಯ ಬಾಯಲ್ಲಿ ಹಬೆ ಎಂಜಿನ್ ಉರಿಸುವ ಅಗತ್ಯ ತಗ್ಗಿತು.

ಈ ಸೀಮೆಗೆ ಮಾತ್ರ ಹೇಳಬೇಕಾದ ಇನ್ನೊಂದು ಕಾರಣವಿದೆ. 1956ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಆಗಿನಿಂದಲೂ ರೇಷ್ಮೆಯ ಊರು. ಕಬ್ಬಿನ ಗದ್ದೆಯ ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇರುವುದು ಇಲ್ಲಿ ಸಾಮಾನ್ಯ. ಟು-ಸ್ಟ್ರೋಕ್ ಎಂಜಿನ್ನಿನ ಎಣ್ಣೆ ಪೂರ್ತಿ ಉರಿಯುವುದಿಲ್ಲ. ಹಳೆಯ ಮೊಪೆಡ್ಡಿನ ಸೈಲೆನ್ಸರ್ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಐದನೇ ಒಂದು ಪಾಲು ಎಣ್ಣೆಯಿರುವ ನೈಟ್ರೊ ಇಂಧನವಂತೂ ಹಾರಿದ ದಾರಿಯುದ್ದಕ್ಕೂ ಅದನ್ನು ಚಿಮ್ಮುತ್ತದೆ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಮುಗಿಸಿ ಎದ್ದ ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿನ ಮೇಲೆ ಅಂಥ ಜಿಡ್ಡು ಕೂರುವುದನ್ನು ಯಾವ ಬೆಳೆಗಾರನೂ ಒಪ್ಪಲಾರ. ಮೆಥನಾಲ್ ಬೇರೆ ವಿಷ. ಕಳ್ಳಭಟ್ಟಿ ದುರಂತಗಳ ಹಿಂದೆ ಬಹಳ ಸಲ ಇದ್ದದ್ದು ಇದೇ ದ್ರವ. ಮನೆಯಲ್ಲಿ ಮಕ್ಕಳ ಕೈಗೆ ಸಿಗುವಂತೆ ಅದನ್ನು ಇಡುವುದು ತರವಲ್ಲ. ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು: ಔಷಧಿಯೇ ಗಾಳಿಗೆ ಪಕ್ಕದ ತೋಟಕ್ಕೆ ಹೋಗುವ ಅಪಾಯವನ್ನು ಬ್ಯಾಟರಿ ತಪ್ಪಿಸುವುದಿಲ್ಲ. ಬೆನ್ನಿನ ಪಂಪಿನಲ್ಲಿ ನೂರೈವತ್ತು, ಇನ್ನೂರು ಲೀಟರ್ ನೀರಿಗೆ ಬೆರೆಸುವ ಔಷಧಿಯನ್ನು ಡ್ರೋನ್‌ನಲ್ಲಿ ಹತ್ತು ಲೀಟರಿಗೆ ಬೆರೆಸುತ್ತಾರೆ. ಹನಿ ಸಣ್ಣದು, ಖಾರ ಹೆಚ್ಚು. ಎತ್ತರ ಒಂದೇ ಸಮ ಇಟ್ಟುಕೊಳ್ಳುವ ಮೋಟರ್ ಯಂತ್ರ ಈ ಅಪಾಯವನ್ನು ಕಡಿಮೆ ಮಾಡೀತು, ಆದರೆ ಗಾಳಿ ಎದ್ದ ಹೊತ್ತಿನಲ್ಲಿ ಹಾರಿಸದಿರುವ ವಿವೇಕ ಹಾರಿಸುವವರದೇ.

ಬ್ಯಾಟರಿಯ ದೋಷಗಳೂ ಸಣ್ಣವಲ್ಲ. ಕೆಲವು ನೂರು ಸಲ ಚಾರ್ಜ್ ಆದಮೇಲೆ ಅದರ ಕಸುವು ಇಳಿಯುತ್ತದೆ. ಹಾರಿ ಬಂದ ಬಿಸಿ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಿದರೆ, ಮಾರ್ಚ್ ಬಿಸಿಲಲ್ಲಿ ಗಾಡಿಯೊಳಗೆ ಬಿಟ್ಟರೆ, ಪೂರ್ತಿ ತುಂಬಿಸಿ ವಾರಗಟ್ಟಲೆ ಇಟ್ಟರೆ ಅದು ಉಬ್ಬುತ್ತದೆ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಿದರೆ ನೀರು ಎರಚಿ ಆರಿಸುವುದು ಸುಲಭವಲ್ಲ. ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು, ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳ ಅಂಚಿನಲ್ಲಿ ಬೇಸಿಗೆಯ ಒಣ ಲಾಂಟಾನದ ಮೇಲೆ ಬಿದ್ದ ಡ್ರೋನ್, ಕಾದ ಸೈಲೆನ್ಸರಿನ ಎಂಜಿನ್ನಿನಷ್ಟೇ ಅಪಾಯಕಾರಿ. ಹಳೆಯ ಬ್ಯಾಟರಿಯನ್ನು ಗುಜರಿಗೆ ಎಸೆಯದೆ ಮಾರಿದವರಿಗೇ ಹಿಂದಿರುಗಿಸಬೇಕು. ಗಂಟೆಗಟ್ಟಲೆ ಹಾರಬೇಕಾದ, ದೂರದ ಸರಕು ಹೊರಬೇಕಾದ ಕೆಲಸಕ್ಕೆ ಎಂಜಿನ್ನೇ ಸರಿ ಎನ್ನುವುದನ್ನೂ ಒಪ್ಪುತ್ತೇನೆ. ನಮ್ಮ ಹೊಲದ ಕೆಲಸ ಅಂಥದ್ದಲ್ಲ.

ಹಾಗಾಗಿ ಡ್ರೋನ್ ಕೊಳ್ಳುವವರು ಎಷ್ಟು ಹೊತ್ತು ಹಾರುತ್ತದೆ ಎಂದು ಕೇಳುವುದನ್ನು ಬಿಟ್ಟು ಎಷ್ಟು ಸೆಟ್ ಬ್ಯಾಟರಿ ಕೊಡುತ್ತೀರಿ ಎಂದು ಕೇಳಬೇಕು. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ 1,261 ಕೋಟಿ ರೂಪಾಯಿ ವೆಚ್ಚದಲ್ಲಿ ಡ್ರೋನ್ ಕೊಡಲು ರೂಪಿಸಿದ್ದು. ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಅದರ ಮಾರ್ಗಸೂಚಿಯಲ್ಲಿ ಯಂತ್ರದೊಂದಿಗೆ ಬರುವ ಸೆಟ್ ಅಲ್ಲದೆ ಇನ್ನೂ ನಾಲ್ಕು ಬ್ಯಾಟರಿ ಸೆಟ್, ವೇಗದ ಚಾರ್ಜರುಗಳು, ಹೆಚ್ಚುವರಿ ರೆಕ್ಕೆಗಳು, ಗಾಳಿಯ ವೇಗ ಅಳೆಯುವ ಉಪಕರಣ, 15 ದಿನದ ತರಬೇತಿ ಸೇರಿವೆ. ಹೀಗೆ ಇದ್ದರೆ ದಿನಕ್ಕೆ 20 ಎಕರೆವರೆಗೆ ಕೆಲಸ ಸಾಗುತ್ತದೆ ಎಂಬುದು ಸರ್ಕಾರದ್ದೇ ಲೆಕ್ಕ. ಡ್ರೋನ್ ಪಡೆಯುವ ಸಂಘದ ಹೆಣ್ಣುಮಕ್ಕಳೇ, ಪೆಟ್ಟಿಗೆ ಬಿಚ್ಚುವ ದಿನವೇ ಬ್ಯಾಟರಿ ಸೆಟ್ಟುಗಳು ಐದೂ ಇವೆಯೇ ಎಂದು ಎಣಿಸಿಕೊಳ್ಳಿ, ಗಾಳಿ ಅಳೆಯುವ ಉಪಕರಣ ಕೇಳಿ ಪಡೆಯಿರಿ, ಔಷಧಿ ಹೊಡೆಯುವ ಹಿಂದಿನ ದಿನ ಪಕ್ಕದ ರೇಷ್ಮೆ ತೋಟದವರಿಗೆ ತಪ್ಪದೆ ತಿಳಿಸಿ.