ಅಜ್ಜನ ರಿವಾಲ್ವರ್‌ಗೆ ವಯಸ್ಸೆಷ್ಟು?

ನಾಸಿಕ್: ಮುಂಬಯಿಯಿಂದ ಕಸಾರಾ ಘಾಟಿ ಏರಿ, ಇಗತ್ಪುರಿ ದಾಟಿ ನಾಸಿಕ್‌ನತ್ತ ಸಾಗುವ ಕನ್ನಡಿಗರಿಗೆ ಘೋಟಿ ಚಿರಪರಿಚಿತ ಊರು. ಅದೇ ದಾರಿಯ ಕೊನೆಗೆ ಸಿಗುವ ನಾಸಿಕ್‌ನ ವಿಜಯಾನಂದ ರಂಗಮಂದಿರದಲ್ಲಿ 1909ರ ಡಿಸೆಂಬರ್ 21ರ ರಾತ್ರಿ ಕಲೆಕ್ಟರ್ ಎ.ಎಂ.ಟಿ. ಜ್ಯಾಕ್ಸನ್ ಗುಂಡಿಗೆ ಬಲಿಯಾದರು. ವರ್ಗಾವಣೆಗೊಂಡಿದ್ದ ಅವರ ಬೀಳ್ಕೊಡುಗೆಗೆಂದು ಅಂದು ‘ಶಾರದಾ’ ನಾಟಕ ಏರ್ಪಾಡಾಗಿತ್ತು. ಆಡಲು ಬಂದಿದ್ದ ಕಿರ್ಲೋಸ್ಕರ್ ನಾಟಕ ಮಂಡಳಿಯ ಸ್ಥಾಪಕ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರ ಹುಟ್ಟೂರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಎಂಬುದು ಇಲ್ಲಿ ಉಲ್ಲೇಖನೀಯ. ಗುಂಡು ಹಾರಿಸಿದವರು ಔರಂಗಾಬಾದ್‌ನಲ್ಲಿ (ಈಗಿನ ಛತ್ರಪತಿ ಸಂಭಾಜಿನಗರ) ಓದಿದ್ದ ತರುಣ ಅನಂತ ಕಾನ್ಹೇರೆ. 1910ರ ಏಪ್ರಿಲ್ 19ರಂದು ಠಾಣೆ ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಅಂದು ಬಳಕೆಯಾದ ಆಯುಧವನ್ನು ರಿವಾಲ್ವರ್ ಎನ್ನುವವರುಂಟು. ವಾಸ್ತವದಲ್ಲಿ ಅದು ಬ್ರೌನಿಂಗ್ ಪಿಸ್ತೂಲು. ರಿವಾಲ್ವರ್‌ನಲ್ಲಿ ಗುಂಡುಗಳು ತಿರುಗುವ ಸಿಲಿಂಡರ್‌ನಲ್ಲಿರುತ್ತವೆ; ಬ್ರೌನಿಂಗ್‌ನಲ್ಲಿ ಹಿಡಿಯೊಳಗಿನ ಮ್ಯಾಗಜಿನ್‌ನಿಂದ ಮೇಲೇರುತ್ತವೆ. ಲಂಡನ್‌ನಿಂದ ವಿ.ಡಿ. ಸಾವರ್ಕರ್ ಕಳುಹಿಸಿದ 20 ಬ್ರೌನಿಂಗ್‌ಗಳು ಮುಂಬಯಿ ತಲುಪಿದ್ದು 1909ರ ಆರಂಭದಲ್ಲಿ. ಬೆಲ್ಜಿಯಂನ ಎಫ್.ಎನ್. ಕಾರ್ಖಾನೆ ಬ್ರೌನಿಂಗ್ ಪಿಸ್ತೂಲು ತಯಾರಿಸತೊಡಗಿದ್ದು 1899ರ ಸುಮಾರಿಗೆ. ಹೀಗಾಗಿ ಅವುಗಳ ತಯಾರಿಕೆಯ ಕಾಲ ಆ ಹತ್ತು ವರ್ಷಗಳೊಳಗೇ ಎಂದು ಹೇಳಬಹುದು.

ಹಳೆಯ ರಿವಾಲ್ವರ್‌ನ ಕಾಲನಿರ್ಣಯಕ್ಕೂ ಇದೇ ದಾರಿ. ಸೇನೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಇದ್ದ ಹಿರಿಯರ ಆಯುಧ ಕಪಾಟಿನಲ್ಲಿ ಉಳಿದಿರುವ ಮನೆಗಳಿಗೆ ಇದು ಬರೀ ಕುತೂಹಲದ ಮಾತಲ್ಲ. ಲೈಸನ್ಸ್ ಹೊಂದಿದವರು ತೀರಿಕೊಂಡರೆ ವಾರಸುದಾರರು ಆಯುಧವನ್ನು ತಡಮಾಡದೆ ಸಮೀಪದ ಪೊಲೀಸ್ ಠಾಣೆಗೋ ಲೈಸನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ಬಳಿಕವಷ್ಟೇ ತಮ್ಮ ಹೆಸರಿನ ಲೈಸನ್ಸ್‌ಗೆ ಅರ್ಜಿ. ಆಗ ತಯಾರಕರ ಹೆಸರು, ಮಾದರಿ, ನಂಬರು ಹೊಂದಿಕೆಯಾಗಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಮಾದರಿ. ಬ್ರಿಟಿಷ್ ಸೇನೆ .455 ವೆಬ್ಲಿ ಮಾರ್ಕ್ 6 ಅನ್ನು ಸ್ವೀಕರಿಸಿದ್ದು 1915ರಲ್ಲಿ, .38 ಎನ್‌ಫೀಲ್ಡ್ ನಂ. 2 ಅನ್ನು 1932ರಲ್ಲಿ. ಇವು ಅದಕ್ಕಿಂತ ಹಳೆಯವಾಗಿರಲಾರವು. ಸೇನೆಗೆಂದು ಮಾಡಿದ ಹಲವು ರಿವಾಲ್ವರ್‌ಗಳ ಚೌಕಟ್ಟಿನ ಮೇಲೆ ವರ್ಷವನ್ನೇ ಅಚ್ಚೊತ್ತಿರುತ್ತದೆ. ಎರಡನೆಯದು ಪರೀಕ್ಷಾ ಮುದ್ರೆ. ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಅಕ್ಷರಗಳಿದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ 1904ರ ನಂತರ ಪರೀಕ್ಷೆಯಾದದ್ದು ಎಂದರ್ಥ. ಮೂರನೆಯದು ಸರಣಿ ಸಂಖ್ಯೆ. ಸ್ಮಿತ್ ಆಂಡ್ ವೆಸ್ಸನ್‌ನಲ್ಲಿ ಇದು ಸಾಮಾನ್ಯವಾಗಿ ಹಿಡಿಯ ತಳದಲ್ಲಿರುತ್ತದೆ.

ಹಲವರು ಎಡವುವುದು ಪೇಟೆಂಟ್ ತಾರೀಕಿನಲ್ಲಿ. ಅದು ವಿನ್ಯಾಸಕ್ಕೆ ಹಕ್ಕು ಸಿಕ್ಕ ದಿನವೇ ಹೊರತು ಆಯುಧ ತಯಾರಾದ ದಿನವಲ್ಲ. ವೆಬ್ಲಿಯಂತೆ ಕಾಣುವುದೆಲ್ಲ ಇಂಗ್ಲೆಂಡಿನದೂ ಅಲ್ಲ. ಕಾನ್ಪುರದ ಸರಕಾರಿ ಕಾರ್ಖಾನೆಯ.32 ರಿವಾಲ್ವರ್ ಅದೇ ವಿನ್ಯಾಸವನ್ನು ಅನುಸರಿಸಿದ್ದು. ಹಳೆಯ ಲೈಸನ್ಸ್ ಪುಸ್ತಕ, ಖರೀದಿ ರಶೀದಿಗಳಿದ್ದರೆ ಆಯುಧ ಯಾವ ವರ್ಷಕ್ಕೆ ಮೊದಲೇ ತಯಾರಾಗಿತ್ತು ಎಂಬುದು ಖಚಿತವಾಗುತ್ತದೆ.

ನೂರು ವರ್ಷ ದಾಟಿದರೆ ಲೈಸನ್ಸ್ ಬೇಡ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮಿನ ವಿನಾಯಿತಿ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ ಆಯುಧಗಳಿಗೆ ಮಾತ್ರ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕುಗಳಿರುವಂತಿಲ್ಲ.

ತುಕ್ಕು ತೆಗೆಯಲು ಹೋಗಿ ನಂಬರು, ಮುದ್ರೆಗಳನ್ನು ಉಜ್ಜಿ ಅಳಿಸಿದರೆ ಆಯುಧದ ಚರಿತ್ರೆಯೂ ಅಳಿಸಿಹೋಗುತ್ತದೆ. ನಂಬರು ಅಳಿಸುವುದು ಕಾನೂನಿನಂತೆ ಅಪರಾಧವೂ ಹೌದು. ಗುಂಡು ತುಂಬಿದೆಯೋ ಎಂದು ಮನೆಯಲ್ಲೇ ಬಿಚ್ಚಿ ನೋಡುವ ಸಾಹಸವೂ ಸಲ್ಲದು. ಠಾಣೆಗೆ ಮೊದಲೇ ತಿಳಿಸಿ, ಹಳೆಯ ಕಾಗದಪತ್ರಗಳನ್ನು ಜತೆಗಿಟ್ಟುಕೊಳ್ಳುವುದೇ ಕ್ಷೇಮ.