ಉದ್ಯಮದ ನಿಧಿಯೂ ಊರಿನ ಸಂಸ್ಥೆಯೂ

ಲಾಭದ ಒಂದಂಶವು ಸಮಾಜಕ್ಕೆ ಸಲ್ಲತಕ್ಕದ್ದೆಂಬುದು ಬಹುಕಾಲ ಉದ್ಯಮಿಗಳ ಔದಾರ್ಯಕ್ಕೆ ಬಿಟ್ಟ ವಿಷಯವಾಗಿದ್ದಿತು. 500 ಕೋಟಿ ರೂಪಾಯಿಯ ನಿವ್ವಳ ಸಂಪತ್ತು, 1000 ಕೋಟಿಯ ವಹಿವಾಟು, ಇಲ್ಲವೆ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನಾದರೂ ಸಮಾಜಕಾರ್ಯಕ್ಕೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್), ವ್ಯಯಿಸಬೇಕೆಂದು 2013ರ ಕಂಪನಿ ಕಾಯಿದೆಯ 135ನೆಯ ಸೆಕ್ಷನ್ ವಿಧಿಸಿತು. ಕಂಪನಿಯು ತನ್ನ ಸುತ್ತಣ ಪ್ರದೇಶಕ್ಕೆ ಆದ್ಯತೆಯೀಯಬೇಕೆಂಬ ಮಾತೂ ಅಲ್ಲಿಯೇ ಉಂಟಾದುದರಿಂದ, ಕಾರ್ಖಾನೆಯ ಪಕ್ಕದೂರಿನ ಸಣ್ಣ ಸಂಸ್ಥೆಯು ಅರ್ಜಿ ಹಾಕಲು ಅಳುಕಬೇಕಾದುದಿಲ್ಲ.

ಕಾಗದಪತ್ರಗಳ ಮಾತು ಬೇಗ ಮುಗಿಯುವಂಥದು: 12ಎ ಮತ್ತು 80ಜಿ ಎಂದು ರೂಢಿಯಲ್ಲಿರುವ ತೆರಿಗೆ ನೋಂದಣಿ, ಮೂರು ವರ್ಷದ ಕಾರ್ಯಾನುಭವ, ಲೆಕ್ಕಪರಿಶೋಧನೆಯಾದ ಜಮಾಖರ್ಚು, 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನಮೂನೆ.

ಕಷ್ಟವಿರುವುದು ಬರೆಹದಲ್ಲಿ. ‘ಗ್ರಾಮೀಣ ಬಾಲಿಕೆಯರ ಸರ್ವಾಂಗೀಣ ಅಭ್ಯುದಯ’ ಎಂದು ಘನವಾಗಿ ಆರಂಭಿಸುವ ಅರ್ಜಿ (ನಮ್ಮವರಿಗೆ ಈ ಚಪಲ ತುಸು ಹೆಚ್ಚೇ) ಓದುವವನಿಗೆ ಏನನ್ನೂ ತಿಳಿಸದು. ಶಾಲೆಯ ಶೌಚಾಲಯಕ್ಕೆ ನೀರು ಯಾವ ಕೊಳವೆಬಾವಿಯಿಂದ ಬರುವುದು, ಪಂಪಿನ ವಿದ್ಯುತ್ ಬಿಲ್ಲನ್ನು ತೆರುವವರಾರು, ತೊಳೆಯುವಾಕೆಗೆ ಎರಡನೆಯ ವರ್ಷವೂ ಸಂಬಳ ಎಲ್ಲಿಂದ ಎಂಬುದನ್ನು ಆಯವ್ಯಯದ ಪಟ್ಟಿಯಲ್ಲಿ ಕಾಣಿಸಿದ ಅರ್ಜಿಗೆ ತೂಕವೇ ಬೇರೆ. ಗೋಡೆಗೆ ಹಣವಿತ್ತು ನೌಕರರ ವೇತನಕ್ಕೆ ಹಿಂಜರಿಯುವ ದಾನಿಗಳೂ ಇದ್ದಾರೆ. ಅಂಥಲ್ಲಿ ವೇತನವನ್ನು ಮರೆಮಾಚದೆ ಕಾರ್ಯಕ್ರಮದ ವೆಚ್ಚವೆಂದೇ ನಮೂದಿಸಿ ಕಾರಣವನ್ನು ವಿವರಿಸುವುದು ಲೇಸು. ಹಣವು ಸಾಮಾನ್ಯವಾಗಿ ಕಂತುಗಳಲ್ಲಿ ಬರುವುದರಿಂದ, ಮೊದಲ ಕಂತಿನ ವಿನಿಯೋಗ ಪ್ರಮಾಣಪತ್ರ ತಡವಾದರೆ ಎರಡನೆಯದೂ ತಡವಾಗುವುದು.